ಬೆನ್ನಿಗೊಪ್ಪುವ ಚೀಲ

‘ಹೊರೆ’ ಎಂಬ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಶಬ್ದಗಳು ಅಡಗಿವೆ. ಹಳಗನ್ನಡದ ‘ಪೊಱು’ ಧಾತುವಿನಿಂದ ಬಂದ ‘ಪೊಱೆ’ ಭಾರವನ್ನು ಹೇಳುತ್ತದೆ. ಸಾಮಾನ್ಯ ರೇಫವುಳ್ಳ ‘ಪೊರೆ’ ಕಾಪಾಡು, ಸಲಹು ಎಂಬ ಅರ್ಥದ್ದು. ಶಕಟರೇಫವು ಬಳಕೆ ತಪ್ಪಿ, ಪಕಾರವು ಹಕಾರವಾಗಿ ತಿರುಗಿದ ಮೇಲೆ ಇವೆರಡೂ ಒಂದೇ ರೂಪವನ್ನು ತಾಳಿದುವು. ಹೀಗಾಗಿ ತಲೆಯ ಮೇಲಿನ ಸೌದೆಯೂ ಹೊರೆ. ಹೊಟ್ಟೆಯನ್ನು ಸಲಹುವುದೂ ಹೊಟ್ಟೆ ಹೊರೆಯುವುದೇ. ಕಾಡಿನಲ್ಲಿ ಒಂದು ಇರುಳನ್ನು ಕಳೆಯಲು ಹೊರಟವನ ಬೆನ್ನ ಮೇಲಿನ ಚೀಲದಲ್ಲಿ ಈ ಎರಡು ಅರ್ಥಗಳೂ ಮರಳಿ ಕೂಡುತ್ತವೆ. ಹಗಲೆಲ್ಲ ಅದು ಅವನು ಹೊರುವ ಭಾರ; ಕತ್ತಲಾದ ಮೇಲೆ ಅವನನ್ನು ಪೊರೆಯತಕ್ಕದ್ದೂ ಅದೇ.

ಭಾರವನ್ನು ಹೊರುವ ವಿದ್ಯೆಯಲ್ಲಿ ಕನ್ನಡನಾಡಿನವರು ಯಾರಿಗೂ ಕಡಮೆಯವರಲ್ಲ. ಸೌದೆಯ ಹೊರೆಗೆ ತಲೆ, ತಲೆಗೆ ಸಿಂಬೆ; ನೀರಿನ ಕೊಡಕ್ಕೆ ಸೊಂಟ; ಎರಡು ಕಡೆ ತೂಗುವ ಬುಟ್ಟಿಗಳಿಗೆ ಹೆಗಲು, ಹೆಗಲಿಗೆ ಅಡ್ಡೆಯ ಬಿದಿರು; ಸಂತೆಗೆ ಹೊರಟವನಿಗೆ ಎದೆಯ ಮೇಲೊಂದು, ಬೆನ್ನ ಮೇಲೊಂದು ಗಂಟಾಗಿ ತೂಗುವ ಹಸಿಬೆ ಚೀಲ; ಜಂಗಮರಿಗೆ ಜೋಳಿಗೆ. ಕೊಡಗಿನ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸುವ ಹೆಣ್ಣಾಳುಗಳು ಚೀಲವನ್ನು ಸೊಂಟಕ್ಕೆ ಬಿಗಿದುಕೊಳ್ಳುವುದನ್ನು ಈಗಲೂ ಕಾಣಬಹುದು. ಎರಡು ಕೈಗಳೂ ಬಿಡುವಾಗಿರಬೇಕು, ಭಾರವು ಕತ್ತನ್ನು ಜಗ್ಗಬಾರದು ಎಂಬ ವಿವೇಕ ಅದರಲ್ಲಿದೆ. ಆ ವಿವೇಕದ ಮಾತು ಮುಂದೆ ಮತ್ತೊಮ್ಮೆ ಬರುವುದು.

ಎರಡು ಪಟ್ಟಿಗಳಿಂದ ಬೆನ್ನಿಗೆ ತೂಗುವ ಚೀಲಕ್ಕೆ ಪೇಟೆಯಲ್ಲಿ ರಕ್‌ಸ್ಯಾಕ್ ಎಂದು ಹೆಸರು. ಜರ್ಮನ್ ನುಡಿಯಿಂದ ಇಂಗ್ಲಿಷಿಗೆ ಬಂದ ಈ ಶಬ್ದದ ಪೂರ್ವಪದಕ್ಕೆ ಬೆನ್ನು ಎಂದೂ ಉತ್ತರಪದಕ್ಕೆ ಚೀಲ ಎಂದೂ ಅರ್ಥ. ಸೇನೆಯಲ್ಲಿ ದುಡಿದು ಬಂದವರು ಇದನ್ನೇ ‘ಪಿಟ್ಠು’ ಎನ್ನುತ್ತಾರೆ. ಅದು ಬೆನ್ನಿಗೆ ಹಿಂದಿಯಲ್ಲಿರುವ ‘ಪೀಠ್’ ಎಂಬ ಮಾತಿನಿಂದ ಹುಟ್ಟಿದ್ದು, ಅದರ ಮೂಲ ಸಂಸ್ಕೃತದ ‘ಪೃಷ್ಠ’. ಕನ್ನಡದಲ್ಲಿ ಬೆನ್ನುಚೀಲವೆಂದರೆ ಸಾಕು, ಯಾರಿಗೂ ಅರ್ಥವಾಗುವುದು. ಮೂರು ನುಡಿಗಳೂ ಈ ಚೀಲವನ್ನು ಒಳಗಿಡುವ ವಸ್ತುವಿನಿಂದ ಗುರುತಿಸದೆ, ಅದನ್ನು ಹೊರುವ ಅಂಗದಿಂದಲೇ ಗುರುತಿಸಿರುವುದು ಗಮನಾರ್ಹ. ಕೊಳ್ಳಲು ಹೋದವರು ಮಾತ್ರ ಹೆಸರಿನಲ್ಲಿಯೇ ಇರುವ ಈ ಸೂಚನೆಯನ್ನು ಮರೆತು, ಜೇಬುಗಳೆಷ್ಟು, ಬಣ್ಣವಾವುದು, ಎಷ್ಟು ಸಾಮಾನು ಹಿಡಿದೀತು ಎಂದು ವಿಚಾರಿಸುತ್ತಾರೆ. ಬೆನ್ನು ಯಾರದು, ಎಷ್ಟುದ್ದದ್ದು ಎಂದು ಕೇಳುವವರು ವಿರಳ.

ಕೊಡಗಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಮಹತ್ತ್ವವುಂಟು. ಇಲ್ಲಿಯ ಕಾಡು ಸಮತಟ್ಟಾದುದಲ್ಲ. ತಡಿಯಂಡಮೋಳು 1748 ಮೀಟರ್, ಪುಷ್ಪಗಿರಿಯ ಕುಮಾರ ಪರ್ವತ 1712 ಮೀಟರ್, ಕೇರಳದ ವಯನಾಡಿನ ಗಡಿಯಲ್ಲಿರುವ ಬ್ರಹ್ಮಗಿರಿ 1608 ಮೀಟರ್. ಇವುಗಳ ಮೇಲಕ್ಕೆ ಹೋಗುವ ದಾರಿಯೆಂದರೆ ಬೇರು, ಕಲ್ಲು, ತರಗೆಲೆ, ಜಾರುವ ಮಣ್ಣು, ಆಮೇಲೆ ಬಿಸಿಲಿಗೆ ಮರೆಯೇ ಇಲ್ಲದ ಹುಲ್ಲುಗಾವಲು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ. ಅಲ್ಲಿಂದ ಮೂವತ್ತು ಕಿಲೋಮೀಟರು ಮೂಡಲಿಗಿರುವ ಕುಶಾಲನಗರದಲ್ಲಿ ಅದರ ಅರ್ಧಕ್ಕಿಂತಲೂ ಕಡಮೆ. ಕುಶಾಲನಗರದ ಬಿಸಿಲನ್ನು ಕಂಡು ಚೀಲ ತುಂಬಿದವನು ಸಂಜೆಗೆ ಬೆಟ್ಟದ ಮೇಲೆ ತೊಯ್ದು ನಡುಗುವುದು ಹೊಸ ಸಂಗತಿಯೇನಲ್ಲ. ತುಲಾ ಸಂಕ್ರಮಣದ ತೀರ್ಥೋದ್ಭವ ಕಳೆದು, ಆಕಾಶ ತಿಳಿಯಾಯಿತೆಂದು ನಂಬಿದ ಮೇಲೂ ಒಂದೆರಡು ಮಳೆ ಹೇಳದೆ ಕೇಳದೆ ಸುರಿದುಹೋಗುತ್ತದೆ. ಮಳೆಯೇ ಇಲ್ಲದ ಜನವರಿಯಲ್ಲಿಯೂ ರಾತ್ರಿಯ ಇಬ್ಬನಿ ಬಟ್ಟೆಯನ್ನು ಹಿಂಡುವಂತೆ ಮಾಡಬಲ್ಲುದು.

ಕಾಡಿನಲ್ಲಿ ತಂಗುವುದೆಂದರೆ ಮನಬಂದಲ್ಲಿ ಡೇರೆ ಹೂಡುವುದೆಂದು ಯಾರೂ ಭಾವಿಸಬಾರದು. ಬ್ರಹ್ಮಗಿರಿ 1974ರಲ್ಲಿ, ಪುಷ್ಪಗಿರಿ ಮತ್ತು ತಲಕಾವೇರಿ 1987ರಲ್ಲಿ ವನ್ಯಜೀವಿಧಾಮಗಳಾದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಧಾಮಗಳೊಳಕ್ಕೆ ಕಾಲಿಡಲೇ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ತಂಗುವ ಮಾತು ಅನಂತರದ್ದು. ಲಕ್ಷ್ಮಣತೀರ್ಥ ನದಿಯ ಇರ್ಪು ಜಲಪಾತದ ಮಗ್ಗುಲಿನಿಂದ ಏರುವ ಬ್ರಹ್ಮಗಿರಿಯ ದಾರಿಯಲ್ಲಿ ನರಿಮಲೆ ಎಂಬಲ್ಲಿ ಇಲಾಖೆಯ ಬಿಡಾರವೊಂದಿದೆ. ಅಪ್ಪಣೆ ಪಡೆದ ತಂಡಗಳು ಅಲ್ಲಿ ತಂಗಿ, ಮರುದಿನ ಶಿಖರವನ್ನು ಕಂಡು ಇಳಿಯುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಶ್ರೀಮಂಗಲದ ವಲಯ ಕಛೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದೇ ಲೇಸು. ಅಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ, ಕೂಲಿಯವರಿಲ್ಲ. ಉಣ್ಣುವುದು, ಹೊದೆಯುವುದು, ಬೆಳಕು, ಮದ್ದು ಎಲ್ಲವೂ ಅವರವರ ಬೆನ್ನಿನ ಮೇಲೆಯೇ ಬರಬೇಕು. ಕತ್ತಲಾಗುವ ಮೊದಲು ಬಿಡಾರವನ್ನು ಸೇರಲೂಬೇಕು, ಏಕೆಂದರೆ ಕತ್ತಲಾದ ಮೇಲೆ ಆ ದಾರಿ ಆನೆಗಳದ್ದು.

ಭಾರವನ್ನು ಬೆನ್ನಿನ ಮೇಲೆ ಹೊರುವ ಉಪಾಯಕ್ಕೆ ಐದು ಸಾವಿರ ವರ್ಷಗಳಿಗೂ ಮೀರಿದ ವಯಸ್ಸಿದೆ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಗಳ ಗಡಿಯ ಆಲ್ಪ್ಸ್ ಹಿಮದಲ್ಲಿ, ಸುಮಾರು 5300 ವರ್ಷಗಳ ಹಿಂದೆ ಸತ್ತ ಒಬ್ಬ ಮನುಷ್ಯನ ದೇಹವು ಕೆಡದೆ ದೊರೆಯಿತು. ಅವನ ಸಾಮಾನುಗಳ ನಡುವೆ ಕುದುರೆಲಾಳದಂತೆ ಬಗ್ಗಿಸಿದ ಹೇಝಲ್ ಗಿಡದ ಕೋಲೊಂದು, ಎರಡು ಕಿರುಹಲಗೆಗಳು ಇದ್ದುವು. ಬೆನ್ನುಹೊರೆಯ ಚೌಕಟ್ಟು ಇದೇ ಇರಬೇಕೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ವಿನೋದವೆಂದರೆ, 1908ರಲ್ಲಿ ನಾರ್ವೆಯ ಓಲೆ ಬರ್ಗನ್ ಎಂಬವನು ಬೇಟೆಗೆ ಹೋಗಿ, ಬೆನ್ನಿಗೆ ಒತ್ತುವ ಚೀಲದಿಂದ ಬೇಸತ್ತು, ಕಾಡಿನ ಒಂದು ಜೂನಿಪರ್ ಕೊಂಬೆಯನ್ನೇ ಬೆನ್ನಿನ ಆಕಾರಕ್ಕೆ ಬಗ್ಗಿಸಿ ಚೀಲದ ಹಿಂದೆ ಕಟ್ಟಿದನು. ಮರುವರ್ಷವೇ ಅದಕ್ಕೆ ಹಕ್ಕುಪತ್ರವನ್ನೂ ಪಡೆದನು. ಹಿಮದಡಿಯಲ್ಲಿ ಮಲಗಿದ್ದ ಪೂರ್ವಜನು ಆಗಿನ್ನೂ ಹೊರಗೆ ಬಂದಿರಲಿಲ್ಲವಾಗಿ ತಕರಾರು ಎತ್ತುವವರು ಯಾರೂ ಇರಲಿಲ್ಲ! ಬ್ರಿಟನ್ನಿನ ಸೈನಿಕರು ತಮ್ಮ ಬೆನ್ನುಚೀಲವನ್ನು ‘ಬರ್ಗನ್’ ಎಂದೇ ಕರೆಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1952ರಲ್ಲಿ ಡಿಕ್ ಕೆಲ್ಟಿ ಎಂಬವನು ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರತೊಡಗಿದನು. ಅವುಗಳ ಹಿರಿಮೆಯೆಲ್ಲ ಸೊಂಟಕ್ಕೆ ಬಿಗಿಯುವ ಪಟ್ಟಿಯಲ್ಲಿತ್ತು. ಹೆಗಲಿನ ಭಾರ ಸೊಂಟಕ್ಕೆ ಇಳಿಯಿತು. ಕಾಫಿ ತೋಟದ ಹೆಣ್ಣಾಳಿಗೆ ಈ ಸೂತ್ರವನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಮುಂದೆ ಚೌಕಟ್ಟು ಚೀಲದ ಒಳಕ್ಕೇ ಸೇರಿ ಕಣ್ಣಿಗೆ ಮರೆಯಾಯಿತು. ಮರೆಯಾದುದರಿಂದಲೇ ಈಗ ಅಂಗಡಿಯಲ್ಲಿ ಅದು ಇದೆಯೋ ಇಲ್ಲವೋ ಎಂದು ಕೈಯಿಂದ ಒತ್ತಿ ನೋಡಬೇಕಾಗಿದೆ.

ಇನ್ನು ಕೊಳ್ಳುವ ವಿಷಯ. ಸೋಮವಾರಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ಐದಾರು ಎಕರೆ ಕಾಫಿಯ ಬೆಳೆಗಾರರೊಬ್ಬರಿದ್ದಾರೆ. ಕೆಲವು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿದ್ದ ಅವರ ಮಗನ ಶಾಲೆಯಿಂದ ನರಿಮಲೆಗೆ ಒಂದು ಇರುಳಿನ ಶಿಬಿರವು ಗೊತ್ತಾಯಿತು. ಪುಸ್ತಕದ ಚೀಲ ಸಾಲದು, ಬೇರೊಂದು ಬೇಕು. ತಂದೆ ಮಗನನ್ನು ಕರೆದುಕೊಂಡು ಮಡಿಕೇರಿಗೆ ಹೊರಟಾಗ ನೆರೆಮನೆಯ ನಿವೃತ್ತ ಸುಬೇದಾರರೂ ಜೊತೆಗೂಡಿದರು. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಊರಿಗೊಬ್ಬ ಸುಬೇದಾರರು ಸಿಗುವುದು ಅಚ್ಚರಿಯಲ್ಲ. ಆದರೆ ಇವರು ಇಪ್ಪತ್ತೆಂಟು ವರ್ಷ ಪಿಟ್ಠುವನ್ನು ಹೊತ್ತವರಾಗಿದ್ದರು.

ಅಂಗಡಿಯವನು ಗೋಡೆಯ ತುಂಬ ತೂಗಿದ್ದ ಚೀಲಗಳನ್ನು ತೋರಿಸಿದನು. ತಂದೆಯ ಕಣ್ಣು ಎಲ್ಲಕ್ಕಿಂತ ದೊಡ್ಡದಾದ, ಎಪ್ಪತ್ತು ಲೀಟರಿನ ಚೀಲದ ಮೇಲೆ ಬಿತ್ತು.

“ಇದೇ ಇರಲಿ. ಹುಡುಗ ಇನ್ನೂ ಬೆಳೆಯುವವನು. ಕಾಲೇಜಿಗೆ ಹೋಗುವವರೆಗೂ ಆದೀತು” ಎಂದರು.

“ಅಂಗಿಯಾದರೆ ತೋಳು ಮಡಿಸಿ ಕೊಡಬಹುದು. ಇದನ್ನು ಎಲ್ಲಿ ಮಡಿಸುತ್ತೀರಿ?” ಎಂದರು ಸುಬೇದಾರರು.

ಅಂಗಿ, ಚಡ್ಡಿ, ಪಾದರಕ್ಷೆ ಎಲ್ಲವನ್ನೂ ಎರಡು ಬೆರಳು ದೊಡ್ಡದಾಗಿಯೇ ಕೊಳ್ಳುವುದು ಮಕ್ಕಳುಳ್ಳ ಮನೆಗಳ ಸಂಪ್ರದಾಯ. ಅದರಲ್ಲಿ ಗೃಹಕೃತ್ಯದ ಜಾಣ್ಮೆಯಿದೆ, ತಪ್ಪೆನ್ನಲಾಗದು. ಬೆನ್ನುಚೀಲಕ್ಕೆ ಮಾತ್ರ ಆ ಜಾಣ್ಮೆ ಸಲ್ಲದು. ಸುಬೇದಾರರು ಅಂಗಡಿಯವನಿಂದ ಟೇಪು ಕೇಳಿ ಪಡೆದು, “ಬಾ ಮಗಾ, ತಲೆ ಬಗ್ಗಿಸು” ಎಂದರು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ತೋರುವ ಎಲುಬಿನ ಮೇಲೆ ಟೇಪಿನ ಒಂದು ತುದಿಯನ್ನಿಟ್ಟರು. ಹುಡುಗನ ಎರಡು ಕೈಗಳನ್ನೂ ಸೊಂಟದ ಎಲುಬಿನ ಮೇಲಂಚಿನ ಮೇಲೆ ಇರಿಸಿ, ಹೆಬ್ಬೆರಳುಗಳು ಹಿಂದಕ್ಕೆ ಚಾಚಿದ ಮಟ್ಟಕ್ಕೆ ಬೆನ್ನಿನ ಮೇಲೆ ಗೆರೆ ಎಳೆದಂತೆ ಊಹಿಸಿ, ಅಲ್ಲಿಯವರೆಗೆ ಅಳೆದರು. ಹದಿನಾರು ಅಂಗುಲ. ಇದೇ ಬೆನ್ನಿನ ಅಳತೆ, ಮನುಷ್ಯನ ಎತ್ತರವಲ್ಲ. ಎತ್ತರವಾದವನ ಬೆನ್ನು ಗಿಡ್ಡಾಗಿರಬಹುದು, ಕಾಲೇ ಉದ್ದವಿರಬಹುದು. ತಂದೆ ಮೆಚ್ಚಿದ ಚೀಲವು ಇಪ್ಪತ್ತು ಅಂಗುಲದ ಬೆನ್ನಿಗೆ ಮಾಡಿದ್ದು. ಅದನ್ನು ಹುಡುಗನಿಗೆ ಏರಿಸಿದಾಗ ಸೊಂಟಪಟ್ಟಿ ತೊಡೆಯ ಮೇಲೆ ಜಾರಿ ಕುಳಿತಿತು, ಹೆಗಲಪಟ್ಟಿ ಹೆಗಲಿನಿಂದ ನಾಲ್ಕು ಬೆರಳು ಹಿಂದಕ್ಕೆ ನಿಂತಿತು. ಇಂಥ ಚೀಲ ಹೊತ್ತವನನ್ನು ಏರಿನಲ್ಲಿ ಯಾರೋ ಹಿಂದಿನಿಂದ ಎಳೆದಂತಾಗುವುದು. ಅದಕ್ಕೆ ಎದುರಾಗಿ ಅವನು ಮುಂದಕ್ಕೆ ಬಾಗುವನು. ಬಾಗಿದ ನಡಿಗೆಯಲ್ಲಿ ಬೆನ್ನು ನೋಯುವುದು, ಕಣ್ಣು ತನ್ನ ಪಾದವನ್ನಲ್ಲದೆ ದಾರಿಯನ್ನು ಕಾಣದು. ಇಳಿಜಾರಿನಲ್ಲಿ ಅದೇ ಚೀಲ ತಲೆಯ ಹಿಂದಿನಿಂದ ನೂಕುವುದು.

ಸುಬೇದಾರರು ನಲವತ್ತು ಲೀಟರಿನ, ಬೆನ್ನಿನ ಅಳತೆಯನ್ನು ಏರಿಳಿಸಬಹುದಾದ ಒಂದು ಚೀಲವನ್ನು ಆರಿಸಿದರು. ಬರಿದಾದ ಚೀಲ ಎಲ್ಲರಿಗೂ ಒಪ್ಪುತ್ತದೆ ಎಂಬುದು ಅವರ ವಾದ. ಪಕ್ಕದ ದಿನಸಿ ಅಂಗಡಿಯಿಂದ ಐದು ಕಿಲೋ ಅಕ್ಕಿಯ ಚೀಲವನ್ನು ತರಿಸಿ ಒಳಗಿಟ್ಟು, ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಹುಡುಗನಿಗೆ ಏರಿಸಿ, ಸೊಂಟಪಟ್ಟಿಯನ್ನು ಮೊದಲು ಬಿಗಿದು, ಆಮೇಲೆ ಹೆಗಲಪಟ್ಟಿ, ಕಡೆಗೆ ಎದೆಪಟ್ಟಿಯನ್ನು ಎಳೆದರು. ಈ ಕ್ರಮ ತಪ್ಪಿದರೆ ಒಳ್ಳೆಯ ಚೀಲವೂ ಕೆಟ್ಟದಾಗುತ್ತದೆ. “ಈಗ ರಸ್ತೆಯ ಮೇಲಕ್ಕೆ ಹೋಗಿ ಬಾ” ಎಂದರು. ಮಡಿಕೇರಿಯಲ್ಲಿ ಏರಿಗೆ ಬರವೇ?

ಹುಡುಗ ಏದುಸಿರಿನಿಂದ ಬಂದು, “ತಾತ, ಹೆಗಲಿಗೆ ಭಾರವೇ ಇಲ್ಲ!” ಎಂದನು.

“ಭಾರ ಎಲ್ಲಿಗೂ ಓಡಿಹೋಗಿಲ್ಲ ಮಗಾ. ಸೊಂಟಕ್ಕೆ ಇಳಿದು ಕೂತಿದೆ.”

ಅಕ್ಕಿಯನ್ನು ಹಿಂದಿರುಗಿಸಲು ಸಂಕೋಚವಾಗಿ ತಂದೆ ಅದನ್ನೂ ಕೊಂಡರು.

ಕೊಂಡ ಮಾತ್ರಕ್ಕೆ ಆರಿಸುವ ಕೆಲಸ ಮುಗಿಯಲಿಲ್ಲ. ಶಿಬಿರದ ಹಿಂದಿನ ಸಂಜೆ ಅಜ್ಜಿ, ತಾಯಿ, ಅಕ್ಕ ಎಲ್ಲರೂ ಕೂಡಿ ಚೀಲವನ್ನು ತುಂಬಿದರು. ಸುಬೇದಾರರು ಬಂದು, ಕಾಫಿ ಹಣ್ಣನ್ನು ತೂಗುವ ತಕ್ಕಡಿಯ ಕೊಕ್ಕೆಗೆ ಅದನ್ನು ತೂಗುಹಾಕಿಸಿದರು. ಒಂಬತ್ತೂವರೆ ಕಿಲೋ! ಹುಡುಗನ ತೂಕ ನಲವತ್ತೆರಡು. ಬೆಳೆದ ಮನುಷ್ಯನು ತನ್ನ ತೂಕದ ಐದರಲ್ಲೊಂದು ಪಾಲನ್ನು ಹೊತ್ತು ನಡೆಯಬಹುದೆಂಬುದು ಚಾರಣಿಗರಲ್ಲಿ ರೂಢಿಯಾಗಿರುವ ಲೆಕ್ಕ. ಎಳೆಯರಿಗೆ ಅದು ಏಳರಲ್ಲೊಂದಕ್ಕೆ ಮೀರದಿರುವುದು ಲೇಸೆಂದು ಸುಬೇದಾರರ ಅಭಿಮತ. ದಿನನಿತ್ಯ ಶಾಲೆಗೆ ಹೊರುವ ಚೀಲಕ್ಕಂತೂ ಸರಕಾರವೇ ಮಿತಿಯನ್ನು ವಿಧಿಸಿದೆ: 2019ರ ಕರ್ನಾಟಕದ ಸುತ್ತೋಲೆಯಂತೆ ಒಂಬತ್ತು, ಹತ್ತನೆಯ ತರಗತಿಯವರಿಗೆ ನಾಲ್ಕರಿಂದ ಐದು ಕಿಲೋ, 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯಂತೆ ಮಗುವಿನ ತೂಕದ ಹತ್ತರಲ್ಲೊಂದು ಪಾಲು. ವರ್ಷವಿಡೀ ಪಾಲಿಸಬೇಕಾದ ಈ ಮಿತಿಯನ್ನು ಎಷ್ಟು ಶಾಲೆಗಳು ತಕ್ಕಡಿಗೆ ಹಾಕಿ ನೋಡಿವೆಯೋ, ಅದು ಬೇರೆ ವಿಚಾರ.

ಸುಬೇದಾರರು ಜಗಲಿಯ ಮೇಲೆ ಕುಳಿತು ಲೆಕ್ಕ ಹಾಕಿದರು. ಒಟ್ಟು ಆರು ಕಿಲೋ. ಚೀಲದ ಸ್ವಂತ ತೂಕವೇ ಒಂದು ಕಿಲೋ ಇನ್ನೂರು ಗ್ರಾಂ. ನೀರು ಎರಡು ಲೀಟರು, ಎಂದರೆ ಎರಡು ಕಿಲೋ, ಇದರಲ್ಲಿ ಚೌಕಾಶಿಯಿಲ್ಲ. ಹೊದಿಕೆಗೆ ಒಂದು ಕಿಲೋ, ಬಟ್ಟೆಗೆ ಎಂಟುನೂರು ಗ್ರಾಂ, ಬುತ್ತಿಗೆ ಏಳುನೂರು, ಟಾರ್ಚು, ತಟ್ಟೆ, ಲೋಟ, ಮದ್ದು ಇವುಗಳಿಗೆ ಮುನ್ನೂರು. ಮಿಕ್ಕದ್ದೆಲ್ಲ ಹೊರಕ್ಕೆ. ಮೂರು ಜೊತೆ ಬಟ್ಟೆ ಒಂದಾಯಿತು. ಗಾಜಿನ ಭರಣಿಯ ಉಪ್ಪಿನಕಾಯಿ ಬಾಳೆಲೆಯ ಪೊಟ್ಟಣವಾಯಿತು. ಅಕ್ಕನು ಮುಚ್ಚಿಟ್ಟಿದ್ದ ಹಲಸಿನ ಹಣ್ಣಿನ ತೊಳೆಗಳು ಮನೆಯಲ್ಲಿಯೇ ಉಳಿದುವು. ಹಲಸಿನ ವಾಸನೆಗೆ ಆನೆಯು ಬೇಲಿಯನ್ನೇ ಲೆಕ್ಕಿಸದಿರುವಾಗ ಚೀಲದ ಜಿಪ್ಪು ಯಾವ ಲೆಕ್ಕ?

ಕಡೆಗೆ ಉಳಿದದ್ದು ಅಜ್ಜಿಯ ಕಂಬಳಿ. ಅದೊಂದೇ ಎರಡು ಕಿಲೋಗೆ ಮಿಗಿಲು. ಅದರ ಬದಲಿಗೆ ಶಾಲೆಯಿಂದ ಎರವಲು ತಂದ, ಒಂದು ಕಿಲೋ ತೂಗುವ ಸ್ಲೀಪಿಂಗ್ ಬ್ಯಾಗನ್ನು ಬಿಚ್ಚಿ ತೋರಿಸಿದಾಗ ಅಜ್ಜಿ, “ಚಳಿಗೆ ಯಾರಾದರೂ ಚೀಲದೊಳಗೆ ತೂರಿಕೊಳ್ಳುತ್ತಾರೆಯೇ ಸುಬೇದಾರರೇ? ಮಗು ಅಕ್ಕಿಮೂಟೆಯೇ?” ಎಂದು ಕಣ್ಣೊರೆಸಿಕೊಂಡರು. ಕಂಬಳಿಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಉಣ್ಣೆಯು ತೇವವಾದರೂ ಸ್ವಲ್ಪ ಬೆಚ್ಚಗಿರಿಸುತ್ತದೆ. ಕೊಪ್ಪೆ ಹಾಕಿಕೊಂಡರೆ ಮಳೆಗೂ ಆದೀತು. ಬೆಂಕಿಯ ಕಿಡಿ ತಾಗಿದರೆ ನೈಲಾನಿನಂತೆ ಕರಗಿ ಮೈಗೆ ಅಂಟುವುದಿಲ್ಲ. ಕತ್ತೆಯ ಬೆನ್ನಿನಲ್ಲಿಯೋ ಎತ್ತಿನ ಗಾಡಿಯಲ್ಲಿಯೋ ಹೋಗುವಾಗ ಅದಕ್ಕೆ ಸಮವಾದುದಿಲ್ಲ. ಹದಿನಾಲ್ಕರ ಬೆನ್ನಿಗೆ ಮಾತ್ರ ಅದು ಹೆಚ್ಚು. ಸುಬೇದಾರರು ಅಜ್ಜಿಯ ಮಾತಿಗೆ ಎದುರಾಡದೆ, ಅವರೇ ಹೆಣೆದಿದ್ದ ಉಣ್ಣೆಯ ಕುಲಾವಿಯನ್ನು ಕೇಳಿ ಪಡೆದು ಚೀಲದ ಮೇಲಿನ ಜೇಬಿಗೆ ಹಾಕಿದರು. ಒಪ್ಪಂದವಾಯಿತು.

ತುಂಬುವುದಕ್ಕೂ ಒಂದು ಕ್ರಮವುಂಟು. ರಾತ್ರಿಗಷ್ಟೇ ಬೇಕಾದ ಹೊದಿಕೆ ತಳಕ್ಕೆ. ನೀರು, ಬುತ್ತಿಯಂತಹ ಭಾರದ ವಸ್ತುಗಳು ನಡುವೆ, ಬೆನ್ನಿಗೆ ಒತ್ತಿಕೊಂಡಂತೆ. ಹಗುರಾದ ಬಟ್ಟೆ ಹೊರಮಗ್ಗುಲಿಗೆ. ಮಳೆಯಂಗಿ, ಟಾರ್ಚು, ಜಿಗಣೆಗೆ ಬೇಕಾದ ಉಪ್ಪು ಕೈಗೆಟುಕುವಂತೆ ಮೇಲೆ. ಭಾರವು ಬೆನ್ನಿನಿಂದ ಒಂದು ಗೇಣು ಹಿಂದಕ್ಕೆ ಸರಿದರೆ ಆರು ಕಿಲೋ ಹತ್ತರಂತೆ ಎಳೆಯುವುದು. ಹೊರಗೆ ತಂಬಿಗೆ, ಚಪ್ಪಲಿ, ಹಗ್ಗಗಳನ್ನು ಜೋತುಹಾಕಿಕೊಂಡು ಗಣಗಣಿಸುತ್ತ ಹೋಗುವುದು ಜಾತ್ರೆಗೆ ಚೆನ್ನ. ಕಾಡಿನಲ್ಲಿ ಪ್ರತಿಯೊಂದು ಮುಳ್ಳೂ ಅವುಗಳನ್ನು ಮಾತನಾಡಿಸುವುದು.

ಆ ಶಿಬಿರದಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತಂಡದಲ್ಲಿ ವಿದ್ಯಾರ್ಥಿನಿಲಯದ ಹುಡುಗನೊಬ್ಬನಿದ್ದನು. ಅವನ ತಂದೆ ತಾಯಿಗಳು ತೋಟದ ಕೂಲಿಯವರು. ಮಗನು ಇತರರ ಮುಂದೆ ಕುಂದಬಾರದೆಂದು ಅವರು ಸಂತೆಯಲ್ಲಿ ಒಂದು ದೊಡ್ಡ ಚೀಲವನ್ನು ಕೊಂಡುಕೊಟ್ಟಿದ್ದರು. ಹೊಳೆಯುವ ಬಟ್ಟೆ, ಹನ್ನೊಂದು ಜೇಬು. ಒಳಗೆ ಚೌಕಟ್ಟಿರಲಿಲ್ಲ, ಹೆಗಲಪಟ್ಟಿಯನ್ನು ಹೊರಬಟ್ಟೆಗೆ ಒಂದೇ ಸಾಲು ಹೊಲಿಗೆಯಿಂದ ಕೂಡಿಸಿದ್ದರು. ಇರ್ಪುವಿನಿಂದ ಹೊರಟು, ಏರು ಕಡಿದಾದ ಕಡೆಯಲ್ಲಿ ಆ ಹೊಲಿಗೆ ಚರ್ರೆಂದು ಬಿಟ್ಟಿತು. ಚೀಲ ಒಂದೇ ಪಟ್ಟಿಯಿಂದ ಜೋತು, ಹುಡುಗನನ್ನು ಮಗ್ಗುಲಿಗೆ ಎಳೆದು ಬೀಳಿಸಿತು. ಮೊಣಕಾಲು ತರಚಿದ್ದಲ್ಲದೆ ಹೆಚ್ಚಿನ ಗಾಯವಾಗಲಿಲ್ಲ. ಆದರೆ ಹಗ್ಗ ಹುಡುಕಿ ಕಟ್ಟಿ, ಕಟ್ಟಿದ್ದು ಮತ್ತೆ ಬಿಚ್ಚಿ, ಕಡೆಗೆ ಒಳಗಿನದನ್ನೆಲ್ಲ ಮೂವರು ಗೆಳೆಯರು ಹಂಚಿಕೊಂಡು ಹೊರುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಮುಂದೆ ಆನೆಯ ಹಸಿ ಲದ್ದಿ ಕಾಣಿಸಿತು. ಜೊತೆಗಿದ್ದ ಅರಣ್ಯ ರಕ್ಷಕನು ಎಲ್ಲರನ್ನೂ ನಿಲ್ಲಿಸಿ, ಕಿವಿಗೊಟ್ಟು, ಮಾತಿಲ್ಲದೆ ಕೈಸನ್ನೆಯಿಂದ ನಡೆಸಿದನು. ನರಿಮಲೆಯನ್ನು ಸೇರಿದಾಗ ಬಿಡಾರದ ಗೋಡೆಯನ್ನು ಗುರುತಿಸುವಷ್ಟು ಮಾತ್ರ ಬೆಳಕುಳಿದಿತ್ತು. ಆ ಹುಡುಗ ರಾತ್ರಿ ಊಟವನ್ನೇ ಒಲ್ಲೆನೆಂದನು. ಕಾಲಿನ ನೋವು ಅದಕ್ಕೆ ಕಾರಣವಾಗಿರಲಿಲ್ಲ; ಅಪ್ಪನು ಕೊಂಡುಕೊಟ್ಟ ಚೀಲವೆಂದು ಎಲ್ಲರಿಗೂ ತಿಳಿದಿತ್ತಲ್ಲ, ಅದು.

ಆ ಕೂಲಿಕಾರ ತಂದೆಯನ್ನು ಯಾರೂ ದೂರುವಂತಿಲ್ಲ. ಅವನು ತನ್ನ ಶಕ್ತಿಗೆ ಮೀರಿಯೇ ವೆಚ್ಚ ಮಾಡಿದ್ದನು. ವರ್ಷಕ್ಕೊಮ್ಮೆ, ಒಂದು ರಾತ್ರಿಗೆ ಬೇಕಾಗುವ ವಸ್ತುವನ್ನು ಪ್ರತಿಯೊಂದು ಮನೆಯವರೂ ಕೊಳ್ಳಬೇಕೆಂದು ಹೇಳುವುದೇ ಸರಿಯಲ್ಲ. ಶಾಲೆಯಲ್ಲಿ ಭೂಪಟ, ಭೂಗೋಲ, ವಾಲಿಬಾಲು ಎಲ್ಲರಿಗೂ ಸೇರಿದವಾಗಿರುವಂತೆ ಇದೂ ಏಕಾಗಬಾರದು? ಮರುವರ್ಷ ಆ ಶಾಲೆಯವರು ಹಳೆಯ ವಿದ್ಯಾರ್ಥಿಗಳ ಸಹಾಯದಿಂದ, ಬೆನ್ನಿನ ಅಳತೆಯನ್ನು ಏರಿಳಿಸಬಹುದಾದ ಎಂಟು ಚೀಲಗಳನ್ನು ಕೊಂಡು ಕಪಾಟಿನಲ್ಲಿರಿಸಿದರು. ಬೆಳೆಯುವ ಮಕ್ಕಳಿಗೆ ಹೊಂದುವ ದೊಡ್ಡ ಚೀಲವೆಂಬ ತಂದೆಗಳ ಬಯಕೆ ಈ ಬಗೆಯಲ್ಲಿಯಾದರೂ ಈಡೇರಿತೆನ್ನಬೇಕು. ಬೇಕಾದವರು ಸಹಿ ಹಾಕಿ ಒಯ್ಯುತ್ತಾರೆ. ತೋಟದ ಒಡೆಯರ ಮಗನೂ, ಕೂಲಿಯವರ ಮಗನೂ ಒಂದೇ ಚೀಲವನ್ನು ಒಂದೊಂದು ಸಲ ಹೊರುತ್ತಾರೆ. ಆ ಎಂಟನ್ನೂ ಆರಿಸಿದವರು ಸುಬೇದಾರರೇ.

ಅವರು ನೋಡಿದ್ದು ಏನೇನನ್ನು? ಮೊದಲು ಹೊಲಿಗೆ. ಚೀಲವನ್ನು ಒಳಮಗ್ಗುಲು ಮಾಡಿ, ಹೆಗಲಪಟ್ಟಿ ಸೇರುವ ಕಡೆಯಲ್ಲಿ ಒತ್ತಾಗಿ ಹಿಂದುಮುಂದಾಗಿ ಹಾಕಿದ ಹೊಲಿಗೆಯಿದೆಯೇ, ಬಟ್ಟೆಯ ಅಂಚಿಗೆ ಪಟ್ಟಿ ಕಟ್ಟಿದ್ದಾರೆಯೇ ಎಂದು ನೋಡಿದರು. ಆಮೇಲೆ ಬಟ್ಟೆ. ನೈಲಾನಿನ ದಪ್ಪವನ್ನು ‘ಡೆನಿಯರ್’ ಎಂಬ ಮಾನದಿಂದ ಹೇಳುವುದು ವಾಡಿಕೆ: ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. 210 ಡೆನಿಯರ್ ಹಗುರ, ಆದರೆ ಕೊಡಗಿನ ಮುಳ್ಳುಪೊದೆಗಳಿಗೂ ಬಂಡೆಗಳಿಗೂ ಸಾಲದು. ಸಾವಿರವಾದರೆ ಗಟ್ಟಿ, ಆದರೆ ಚೀಲವೇ ಹೊರೆಯಾಗುವುದು. ತಳಕ್ಕೆ ಐನೂರರ ಆಸುಪಾಸು, ಮೇಲಕ್ಕೆ ಅದಕ್ಕಿಂತ ತೆಳುವಾದುದು ಹದವೆಂದು ಅವರು ತೀರ್ಮಾನಿಸಿದರು. ಸೇನೆಯ ಹಳೆಯ ಮಾದರಿಯ ಕ್ಯಾನ್ವಾಸ್ ಚೀಲದ ಮೇಲೆ ಅವರಿಗೆ ಮಮತೆಯಿದ್ದರೂ ಅದನ್ನು ಆರಿಸಲಿಲ್ಲ. ತೊಯ್ದ ಕ್ಯಾನ್ವಾಸು ನೀರು ಕುಡಿದು ಭಾರವಾಗುವುದನ್ನು ಅವರ ಬೆನ್ನೇ ಬಲ್ಲುದು. ಕಡೆಯದು ಜಿಪ್ಪು ಮತ್ತು ಬಕಲ್. ಕೈಗವಸು ಹಾಕಿಕೊಂಡೋ ಬೆರಳು ಮರಗಟ್ಟಿದಾಗಲೋ ಬಕಲ್ ಬಿಚ್ಚಲು ಬರುವಂತಿರಬೇಕು. ಒಡೆದರೆ ಬದಲಿ ಸಿಗುವಂತಿರಬೇಕು. ಹೆಸರಾಂತ ಕಂಪನಿಯದೇ ಬೇಕೆಂಬ ಹಟ ಅವರಿಗಿರಲಿಲ್ಲ. ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಮೊದಲಾದ ಸಂಸ್ಥೆಗಳು ಇಲ್ಲಿಯೇ ಇಂಥ ಚೀಲಗಳನ್ನು ತಯಾರಿಸುತ್ತಿರುವಾಗ ವಿದೇಶದ ಮುದ್ರೆಗೆ ದುಪ್ಪಟ್ಟು ತೆರಬೇಕಾದ ಅಗತ್ಯವೂ ಇಲ್ಲ. ಆದರೆ ಹೆಸರೇ ಇಲ್ಲದ, ಹೊಳಪೇ ಬಂಡವಾಳವಾದ ಚೀಲವನ್ನು ಅವರು ಕೈಯಿಂದ ಮುಟ್ಟಲೂ ಇಲ್ಲ.

ಮಳೆಯ ವಿಷಯದಲ್ಲಿ ಅಂಗಡಿಯವರ ಮಾತನ್ನು ಪೂರ್ಣವಾಗಿ ನಂಬಲಾಗದು. ನೀರು ನುಗ್ಗದ ಬಟ್ಟೆಯೆಂದು ಅವರು ಹೇಳುವುದು ನಿಜವೇ ಇರಬಹುದು. ನೀರು ನುಗ್ಗುವುದು ಹೊಲಿಗೆಯ ತೂತಿನಿಂದ, ಜಿಪ್ಪಿನ ಹಲ್ಲುಗಳ ನಡುವಿನಿಂದ. ಮೇಲೆ ತೊಡಿಸುವ ಮಳೆಗವುಸು ಒಳ್ಳೆಯದೇ. ಮಲೆನಾಡಿನ ಗದ್ದೆಗಳಲ್ಲಿ ನಾಟಿಯ ಹೆಂಗಸರು ಬೆನ್ನಿಗೆ ಏರಿಸುತ್ತಿದ್ದ ಗೊರಬೆಯ ತಂಗಿ ಅದು. ಗೊರಬೆಯಾದರೋ ತಲೆಯಿಂದ ಸೊಂಟದವರೆಗೆ ಮುಚ್ಚುತ್ತಿತ್ತು. ಮಳೆಗವುಸು ಚೀಲದ ಹೊರಮೈಯನ್ನಷ್ಟೇ ಮುಚ್ಚುತ್ತದೆ, ಹೊತ್ತವನ ಬೆನ್ನಿನಿಂದ ಇಳಿದ ನೀರು ಒಳಮೈಯಿಂದ ಸೇರಿಕೊಳ್ಳುತ್ತದೆ. ಆದಕಾರಣ ಚೀಲದೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನಿರಿಸಿ, ಹೊದಿಕೆಯನ್ನೂ ಒಣಬಟ್ಟೆಯನ್ನೂ ಅದರಲ್ಲಿ ಹಾಕಿ ಬಾಯನ್ನು ತಿರುಚಿ ಕಟ್ಟುವುದೇ ನಂಬತಕ್ಕ ಉಪಾಯ. ಹೋದ ಪ್ಲಾಸ್ಟಿಕ್ ಹಿಂದಕ್ಕೆ ಬರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಾಡಿನಿಂದ ಬಂದ ಮೇಲೆ ಚೀಲವನ್ನು ಮೂಲೆಗೆ ಎಸೆಯುವುದು ಅದನ್ನು ಕೊಲ್ಲುವ ಸುಲಭ ಮಾರ್ಗ. ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಲೇಪವು ತೇವದಲ್ಲಿ ಕಾಲಕ್ರಮೇಣ ಕೊಳೆತು, ಅಂಟಂಟಾಗಿ, ಹಾಲಿನ ಕೆನೆಯಂತೆ ಸುಲಿದು ಬರುತ್ತದೆ. ಆಷಾಢದಲ್ಲಿ ಗೋಡೆಗೆ ತಗುಲಿಸಿದ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುವ ಕೊಡಗಿನಲ್ಲಿ ಇದು ಬೇಗನೆ ಆಗುವಂಥದು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಹಳೆಯ ಪದ್ಧತಿ ಇದಕ್ಕೆ ಹೊಂದದು. ಬಿದಿರು ಬುಟ್ಟಿಗೆ ಹೊಗೆ ಆಯುಷ್ಯ, ನೈಲಾನಿಗೆ ಬಿಸಿ ಮೃತ್ಯು. ಸೋಪಿನ ಪುಡಿಯಿಲ್ಲದೆ ತಣ್ಣೀರಿನಲ್ಲಿ ಮಣ್ಣನ್ನು ತೊಳೆದು, ಜಿಪ್ಪುಗಳನ್ನೆಲ್ಲ ತೆರೆದು, ತಲೆಕೆಳಗಾಗಿ ನೆರಳಿನಲ್ಲಿ ಎರಡು ದಿನ ತೂಗುಹಾಕಬೇಕು. ಆ ಶಾಲೆಯ ಕಪಾಟಿನ ಎಂಟು ಚೀಲಗಳನ್ನು ಮಳೆಗಾಲದಲ್ಲಿ ಹದಿನೈದು ದಿನಗಳಿಗೊಮ್ಮೆ ಹೊರತೆಗೆದು, ಬಿಸಿಲು ಕಂಡ ದಿನ ಗಾಳಿಗೆ ಹರಡುವ ಕೆಲಸವನ್ನು ವಿದ್ಯಾರ್ಥಿನಿಲಯದ ಹುಡುಗರು ತಾವಾಗಿಯೇ ವಹಿಸಿಕೊಂಡಿದ್ದಾರೆ. ಹೊಲಿಗೆ ಬಿಟ್ಟ ಆ ಹನ್ನೊಂದು ಜೇಬಿನ ಚೀಲವನ್ನು ಊರಿನ ದರ್ಜಿಯು ಮುಮ್ಮಡಿ ಹೊಲಿಗೆ ಹಾಕಿ ರಿಪೇರಿ ಮಾಡಿಕೊಟ್ಟನು. ಬಹುಕಾಲ ಅದರಲ್ಲಿ ವಾಲಿಬಾಲಿನ ಬಲೆಯನ್ನು ಇಡುತ್ತಿದ್ದರು.